ವಾರಪತ್ರಿಕೆಗೆ ಚಂದಾ ಕಟ್ಟಬೇಕೇ?

"ಮೇಷ್ಟ್ರೇ, ಮಗಳು ಪಿಯುಸಿಗೆ ಬಂದಳು. ಇಂಗ್ಲಿಷ್ ವಾರಪತ್ರಿಕೆಯೊಂದಕ್ಕೆ ಚಂದಾ ಕಟ್ಟಿ ಅಂತ ಹಟ ಹಿಡಿದಿದ್ದಾಳೆ. ವರ್ಷದ ದುಡ್ಡು ಒಂದೇ ಸಲ ಕೊಡಬೇಕು. ಮನೆಗೆ ದಿನಪತ್ರಿಕೆ ಬರುತ್ತೆ. ಮೊಬೈಲಿನಲ್ಲಿ ಸುದ್ದಿ ಬರ್ತಾನೇ ಇರುತ್ತೆ. ಇದೂ ಬೇಕಾ?"

ನಮ್ಮ ಬೀದಿಯ ದಿನಸಿ ಅಂಗಡಿಯವರು ಹೀಗೆ ಕೇಳಿದಾಗ ನಾನು ತಟ್ಟನೆ ಉತ್ತರ ಕೊಡಲಿಲ್ಲ. 'ಓದುವುದು ಒಳ್ಳೆಯದು, ಕಟ್ಟಿಬಿಡಿ' ಎಂದು ಹೇಳುವುದು ಮೇಷ್ಟ್ರಿಗೆ ಸುಲಭ. ಹಣ ಕೊಡುವವರು ತಂದೆ. ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು.

ತಡವಾದರೆ ಏನು ಲಾಭ?

ನಿನ್ನೆ ಏನಾಯಿತು ಎಂಬುದನ್ನು ದಿನಪತ್ರಿಕೆ ಹೇಳುತ್ತದೆ. ವಾರಪತ್ರಿಕೆಗೆ ಇನ್ನೂ ಕೆಲವು ದಿನಗಳ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಜೊಳ್ಳು ಹಾರಿ ಕಾಳು ಉಳಿಯಬೇಕು. ಉಳಿಯದಿದ್ದರೆ ಅದು ಹಳಸಿದ ದಿನಪತ್ರಿಕೆಯಷ್ಟೇ. ಈ ಬಿಡುವಿನ ಬೆಲೆ ನನಗೆ ತಿಳಿದದ್ದು 1995ರಲ್ಲಿ.

ಆ ವರ್ಷ ಸೆಪ್ಟೆಂಬರ್ 21ರಂದು, ಗಣಪತಿ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಸುದ್ದಿ ದೇಶದ ಉದ್ದಗಲಕ್ಕೂ ಹಬ್ಬಿತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನನ್ನು ಮಕ್ಕಳು ತರಗತಿಯಲ್ಲಿ ಕೇಳಿದರು. "ಎಲ್ಲಾ ಸುಳ್ಳು, ಕೂತ್ಕೊಳ್ಳಿ" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ನಾನೇ ಕುಡಿಸಿದ್ದೀನಿ ಸಾರ್, ಚಮಚ ಖಾಲಿಯಾಯ್ತು" ಎಂದ. ಅವನನ್ನು ಗದರಿಸಿ ಕೂರಿಸಿದೆ. ಹುಡುಗ ಕಂಡದ್ದು ನಿಜವೇ ಆಗಿತ್ತು. ಅದಕ್ಕೆ ವಿವರಣೆ ನನ್ನ ಬಳಿ ಇರಲಿಲ್ಲ, ಅಷ್ಟೇ.

ಕೆಲವು ದಿನಗಳ ಮೇಲೆ ಕೈಗೆ ಬಂದ ವಾರಪತ್ರಿಕೆಯೊಂದರಲ್ಲಿ ಆ ವಿವರಣೆ ಸಿಕ್ಕಿತು. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ವಿಗ್ರಹಕ್ಕೆ ಹಿಡಿದಿದ್ದರು. ಮೇಲ್ಮೈ ಎಳೆತದಿಂದಾಗಿ ಹಾಲು ಚಮಚದ ಅಂಚಿನಿಂದ ವಿಗ್ರಹಕ್ಕೆ ಸರಿದು, ತೆಳುವಾದ ಪದರವಾಗಿ ಕೆಳಗಿಳಿಯುತ್ತಿತ್ತು. ಬಿಳಿಯ ಹಾಲಿನಲ್ಲಿ ಕಣ್ಣಿಗೆ ಬೀಳದ ಜಾಡು ಬಣ್ಣದ ಹಾಲಿನಲ್ಲಿ ಕಂಡಿತು.

ಮರುದಿನ ಒಂದು ಗುಂಡುಕಲ್ಲು, ಚಮಚ, ಲೋಟದಲ್ಲಿ ಹಾಲು ಹಿಡಿದು ತರಗತಿಗೆ ಹೋದೆ. ಕಲ್ಲನ್ನು ಒದ್ದೆ ಮಾಡಿ, ಅದೇ ಹುಡುಗನ ಕೈಗೆ ಚಮಚ ಕೊಟ್ಟು, "ನೀನು ಕಂಡದ್ದು ಸರಿ ಕಣೋ, ನಾನು ಕೇಳಿಸಿಕೊಳ್ಳಬೇಕಿತ್ತು" ಎಂದೆ. ಆ ಸಂಚಿಕೆಗೆ ಕೊಟ್ಟ ದುಡ್ಡು ಅಂದೇ ವಸೂಲಾಯಿತು.

ಕೆಲವೊಮ್ಮೆ ಒಂದು ವಾರವೂ ಸಾಲದು. 2023ರ ಜುಲೈ 22ರಂದು ದಕ್ಷಿಣ ಕೊರಿಯಾದ ವಿಜ್ಞಾನಿಗಳು ಎಲ್‌ಕೆ-99 ಎಂಬ ವಸ್ತುವನ್ನು ಪ್ರಕಟಿಸಿದರು. ಸಾಮಾನ್ಯ ಉಷ್ಣತೆಯಲ್ಲೇ ವಿದ್ಯುತ್ತಿಗೆ ರೋಧವೊಡ್ಡದ ಸೂಪರ್‌ಕಂಡಕ್ಟರ್ ಇದು ಎಂಬುದು ಅವರ ವಾದ. ಜಗತ್ತೆಲ್ಲ ಸಂಭ್ರಮಿಸಿತು. ಆಗಸ್ಟ್ ಮಧ್ಯದ ಹೊತ್ತಿಗೆ ಹಲವು ಪ್ರಯೋಗಾಲಯಗಳ ಪರೀಕ್ಷೆಯಿಂದ ನಿಜ ಹೊರಬಿತ್ತು. ಅದು ಸೂಪರ್‌ಕಂಡಕ್ಟರ್ ಆಗಿರಲಿಲ್ಲ. ರೋಧ ಥಟ್ಟನೆ ಇಳಿದಂತೆ ಕಂಡದ್ದಕ್ಕೆ ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಕಾರಣ. ಮೊದಲ ವಾರದ ಸಂಚಿಕೆಯನ್ನಷ್ಟೇ ಓದಿದವರಿಗೆ ಅರ್ಧ ಕಥೆ ಸಿಕ್ಕಿತು. ಬಿಡದೆ ಓದಿದವರಿಗೆ ಮಾತ್ರ ಅದರ ಕೊನೆ ತಿಳಿಯಿತು. ಚಂದಾದಾರರಾಗುವುದರ ನಿಜವಾದ ಪ್ರಯೋಜನ ಇದೇ.

ಲೆಕ್ಕ ಹೀಗೆ

ಅಂಗಡಿಯಲ್ಲಿ 40 ರೂಪಾಯಿಯ ಸಂಚಿಕೆ ಚಂದಾದಾರರಿಗೆ 30ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ವರ್ಷದ 52 ಸಂಚಿಕೆಗೆ 1,560 ರೂಪಾಯಿ. ಅವುಗಳಲ್ಲಿ 13ನ್ನು ಮಾತ್ರ ಓದಿದರೆ, ಓದಿದ ಒಂದೊಂದಕ್ಕೂ 120 ರೂಪಾಯಿ ತೆತ್ತಂತಾಯಿತು! ಕನಿಷ್ಠ 39 ಸಂಚಿಕೆ ಓದಿದರೆ ಚಂದಾ ಮತ್ತು ಬಿಡಿ ಖರೀದಿ ಸರಿಸಮ. ಅದಕ್ಕಿಂತ ಕಡಿಮೆಯಾದರೆ ಬಸ್ ನಿಲ್ದಾಣದ ಅಂಗಡಿಯೇ ಲೇಸು. "ನಮಗೆ ಬರುವ ರದ್ದಿಯಲ್ಲಿ ಕವರು ಕೂಡ ಒಡೆಯದ ಪತ್ರಿಕೆಗಳಿರುತ್ತವೆ ಸಾರ್" ಎಂದು ಅಂಗಡಿಯವರೇ ನಕ್ಕರು.

ರಿಯಾಯಿತಿಯ ಆಸೆಗೆ ಮೂರು ವರ್ಷ, ಐದು ವರ್ಷದ ಚಂದಾ ಒಮ್ಮೆಗೇ ಕಟ್ಟುವುದೂ ಜಾಣತನವಲ್ಲ. 1933ರಿಂದ ನಡೆದು ಬಂದಿದ್ದ ಅಮೆರಿಕದ 'ನ್ಯೂಸ್‌ವೀಕ್' 2012ರ ಕೊನೆಯಲ್ಲಿ ಮುದ್ರಣವನ್ನೇ ನಿಲ್ಲಿಸಿತು. ಮತ್ತೆ ಅಚ್ಚಾದದ್ದು 2014ರಲ್ಲಿ. ಮೊದಲಿಗೆ ಒಂದು ವರ್ಷ ಸಾಕು.

ಆರಿಸುವುದು ಹೇಗೆ?

ವಾರಪತ್ರಿಕೆಗಳೆಲ್ಲ ಒಂದೇ ಬಗೆಯವಲ್ಲ. 1965ರಲ್ಲಿ ಆರಂಭವಾದ 'ಸುಧಾ', 1983ರಲ್ಲಿ ಬಂದ 'ತರಂಗ' ಮನೆಮಂದಿಗೆಲ್ಲ ಕಥೆ, ಧಾರಾವಾಹಿ, ಲೇಖನ ಕೊಟ್ಟು ಕನ್ನಡದಲ್ಲಿ ಓದುವ ಚಟ ಹಚ್ಚಿದವು. 1995ರಲ್ಲಿ ವಾರಪತ್ರಿಕೆಯಾಗಿ ಆರಂಭವಾದ ಇಂಗ್ಲಿಷಿನ 'ಔಟ್‌ಲುಕ್' ಸುದ್ದಿಯ ವಿಶ್ಲೇಷಣೆಗೆ ಮೀಸಲಾದ ಬಗೆಯದು. ಮಗುವಿಗೆ ಯಾವುದು ಬೇಕು ಎಂಬುದನ್ನು ಮೊದಲು ತಿಳಿಯಿರಿ.

ಚಂದಾ ಕಟ್ಟುವ ಮೊದಲು ನಾಲ್ಕು ವಾರ ಪರೀಕ್ಷಿಸಿ. ಗ್ರಂಥಾಲಯದಲ್ಲಿ ಓದಿ, ಇಲ್ಲವೇ ಬಿಡಿ ಸಂಚಿಕೆ ಕೊಳ್ಳಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಅಂಕಿ-ಅಂಶಗಳ ಮೂಲವನ್ನು ಪತ್ರಿಕೆ ಹೇಳುತ್ತದೆಯೇ? ತಪ್ಪಾದಾಗ ಮುಂದಿನ ವಾರ ಒಪ್ಪಿಕೊಂಡು ತಿದ್ದುತ್ತದೆಯೇ? ಜಾಹೀರಾತನ್ನು ಜಾಹೀರಾತೆಂದೇ ತೋರಿಸುತ್ತದೆಯೇ?

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಇನ್ನೊಂದು ಮಾತು. ವಾರಪತ್ರಿಕೆ ಸಾಮಾನ್ಯಜ್ಞಾನದ ಗೈಡ್ ಅಲ್ಲ. ಅದರಲ್ಲಿ ಸುದ್ದಿಯ ಜೊತೆಗೆ ಲೇಖಕರ ಅಭಿಪ್ರಾಯವೂ ಸೇರಿರುತ್ತದೆ. ಅವೆರಡನ್ನೂ ಬೇರ್ಪಡಿಸುವುದೇ ಒಂದು ಅಭ್ಯಾಸ. ವಾರಕ್ಕೊಂದು ಲೇಖನ ಆರಿಸಿ, ಅದರ ಸಾರವನ್ನು ನಿಮ್ಮ ಮಾತಿನಲ್ಲಿ ಹತ್ತು ಸಾಲು ಬರೆದಿಡಿ. ವರ್ಷದ ಕೊನೆಗೆ ಅದು ಯಾವ ಗೈಡಿನಲ್ಲೂ ಸಿಗದ ಪುಸ್ತಕವಾಗುತ್ತದೆ.

ಅಂಗಡಿಯವರ ಮಗಳು ನಾಲ್ಕು ಬಿಡಿ ಸಂಚಿಕೆ ಕೊಂಡಳು. ಓದಿದ್ದು ಮೂರು. ಅದೇ ಪ್ರಮಾಣದಲ್ಲಿ ವರ್ಷಕ್ಕೆ 39. ತಕ್ಕಡಿ ಅತ್ತಲೂ ವಾಲಲಿಲ್ಲ, ಇತ್ತಲೂ ವಾಲಲಿಲ್ಲ. ತಂದೆ ಮತ್ತೆ ನನ್ನ ಬಳಿ ಬಂದರು. "ರಾತ್ರಿ ಊಟಕ್ಕೆ ಕೂತಾಗ, ಹೋದ ವಾರ ಬರೆದಿದ್ದನ್ನು ಈ ವಾರ ತಪ್ಪು ಅಂತ ಒಪ್ಪಿಕೊಂಡಿದ್ದಾರೆ ನೋಡಿ ಅಪ್ಪಾ ಅಂತ ತೋರಿಸಿದಳು. ಕಟ್ಟಿಬಿಟ್ಟೆ ಸಾರ್, ಒಂದೇ ವರ್ಷಕ್ಕೆ."

ಅವರು ಮಾಡಿದ್ದು ಸರಿ ಎಂದು ನನಗನ್ನಿಸಿತು.