ಸೋಫಾ ನೋಡಬೇಡಿ, ಹಿಮ್ಮಡಿ ನೋಡಿ

ಏಪ್ರಿಲ್ ತಿಂಗಳು. ಫ್ಯಾನ್ ಕೆಳಗೆ ಕೂತರೂ ಬೆವರು ಇಳೀತಿತ್ತು. ಅಂಥ ಸೆಕೆಯಲ್ಲಿ ಅಪ್ಪನ ಎರಡೂ ಕಾಲಿಗೆ ದಪ್ಪ ಕಾಲುಚೀಲ ಹಾಕಿದ್ದರು. ಹಿಂದಿನ ಭಾನುವಾರವೂ ಹಾಕಿದ್ದರು, ಅದರ ಹಿಂದಿನ ಭಾನುವಾರವೂ. ಆಗೆಲ್ಲ ನನಗೆ ಏನೂ ಅನ್ನಿಸಿರಲಿಲ್ಲ. ಅವತ್ತು ಯಾಕೋ ಬಗ್ಗಿ ಒಂದನ್ನು ಎಳೆಯೋಕೆ ಹೋದೆ.

"ಬಿಡಿ ಮೇಡಂ, ತಾತಂಗೆ ಚಳಿ ಆಗುತ್ತೆ" ಅಂದಳು ಆಯಾ. ಅವಳ ದನಿಯಲ್ಲಿ ಗಾಬರಿ ಇತ್ತು.

ಕಾಲುಚೀಲ ಬಂತು. ಹಿಮ್ಮಡಿಯ ಮೇಲೆ ಐದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಪ್ಪಾಗಿತ್ತು. ಸಂಜೆ ಆಸ್ಪತ್ರೆಯಲ್ಲಿ ಅಪ್ಪನನ್ನು ಮಗ್ಗುಲಾಗಿಸಿದಾಗ ಸೊಂಟದ ಕೆಳಗೆ ಇನ್ನೊಂದು ಕಂಡಿತು. ಅದು ಆಳವಾಗಿತ್ತು. ಡ್ಯೂಟಿ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಗಂಟೆಗೊಮ್ಮೆ ಇವರನ್ನ ಮಗ್ಗುಲು ಬದಲಾಯಿಸ್ತಿದ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ತಿಂಗಳಲ್ಲಿ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಸ್ಟ್ರೋಕ್ ಆಗಿ ಅಪ್ಪನ ಬಲಭಾಗ ಬಿದ್ದುಹೋದ ಮೇಲೆ ಮನೆಯಲ್ಲಿ ನೋಡಿಕೊಳ್ಳೋದು ಆರು ತಿಂಗಳು ನಡೀತು. ಅಮ್ಮ ಇಲ್ಲ. ತಮ್ಮ ಪುಣೆಯಲ್ಲಿ. ನಾನೂ ಗಂಡನೂ ಇಬ್ಬರೂ ಕೆಲಸಕ್ಕೆ ಹೋಗುವವರು. ಏಜೆನ್ಸಿಯಿಂದ ಬಂದ ಹೋಮ್ ಅಟೆಂಡರ್‌ಗಳು ಒಬ್ಬರಾದ ಮೇಲೊಬ್ಬರು ಬಿಟ್ಟುಹೋದರು. ಕೊನೆಗೆ ಜಾಗ ಹುಡುಕಿದೆವು. ಗಾಜಿನ ಬಾಗಿಲು, ಮೀನಿನ ತೊಟ್ಟಿ, ಮೆತ್ತನೆ ಸೋಫಾ, ಮುಂದೆ ತುಳಸಿಕಟ್ಟೆ. ಮ್ಯಾನೇಜರ್ ನಗುನಗುತ್ತಾ ಕಾಫಿ ಕೊಟ್ಟರು. ನಾವು ವೈಫೈ ಇದೆಯಾ, ಟಿವಿಯಲ್ಲಿ ಕನ್ನಡ ಚಾನೆಲ್ ಬರುತ್ತಾ, ರೂಮಿಗೆ ಬಿಸಿಲು ಬೀಳುತ್ತಾ ಅಂತ ಕೇಳಿದೆವು. ನಿಜ ಹೇಳಬೇಕು ಅಂದ್ರೆ, ಅದು ಒಳ್ಳೇ ಜಾಗ ಅಂತ ನಂಬೋಕೆ ನಮಗೇ ಅವಸರವಿತ್ತು. "ಅಪ್ಪನ್ನ ಆಶ್ರಮಕ್ಕೆ ಹಾಕಿಬಿಟ್ರಂತೆ" ಅಂತ ನೆಂಟರು ಆಡಿಕೊಳ್ಳುವಾಗ, ಪ್ರತಿ ಭಾನುವಾರ ಫ್ಯಾಮಿಲಿ ಗ್ರೂಪಿಗೆ ಹಾಕೋಕೆ ಒಂದು ಫೋಟೋ ಬೇಕಿತ್ತು. ಅವರೂ ಅದನ್ನೇ ಕೊಡ್ತಿದ್ರು: ಗಡ್ಡ ಹೆರೆದು, ಪೌಡರ್ ಹಚ್ಚಿ, ಇಸ್ತ್ರಿ ಶರ್ಟು ತೊಡಿಸಿ, ವ್ಹೀಲ್‌ಚೇರಿನಲ್ಲಿ ಕೂರಿಸಿದ ಅಪ್ಪ. ಹನ್ನೊಂದರಿಂದ ಒಂದು ಗಂಟೆ, ವಿಸಿಟರ್ಸ್ ಹಾಲ್‌ನಲ್ಲಿ ಮಾತ್ರ.

ಎರಡನೇ ಸಲ ಹುಡುಕೋಕೆ ಹೊರಟಾಗ ಎಂಟು ಕಡೆ ನೋಡಿದೆ. ನೋಡುವ ರೀತಿ ಬೇರೆಯಾಗಿತ್ತು.

ಮೊದಲು ಬೋರ್ಡಿನ ವಿಷಯ. ನಮ್ಮಲ್ಲಿ 'ನರ್ಸಿಂಗ್ ಹೋಮ್' ಅಂದ್ರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆ. ಹಾಸಿಗೆ ಹಿಡಿದ ಹಿರಿಯರನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವ ಜಾಗಕ್ಕೆ ವೃದ್ಧಾಶ್ರಮ, ಎಲ್ಡರ್ ಕೇರ್, ಅಸಿಸ್ಟೆಡ್ ಲಿವಿಂಗ್ ಅಂತ ಹತ್ತು ಹೆಸರು. ಹೆಸರು ನೋಡಿದರೆ ಒಳಗೆ ನರ್ಸ್ ಇದ್ದಾರೋ ಇಲ್ಲವೋ ಗೊತ್ತಾಗಲ್ಲ. ಚಿಕಿತ್ಸೆಯನ್ನೂ ಕೊಡ್ತೀವಿ ಅನ್ನುವವರನ್ನು ಕೆಪಿಎಂಇ ನೋಂದಣಿ ತೋರಿಸಿ ಅಂತ ಕೇಳಿ. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗಾಗಿ 2007ರಲ್ಲಿ ರಾಜ್ಯ ಮಾಡಿದ ಕಾಯ್ದೆ ಅದು. ಅದೇ ವರ್ಷ ಕೇಂದ್ರ ತಂದ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಆದರೆ ಅದು ಗತಿಯಿಲ್ಲದ ಹಿರಿಯರಿಗೆ. ತಿಂಗಳಿಗೆ ಹತ್ತಾರು ಸಾವಿರ ಕಟ್ಟಿ ಇರುವ ನಮ್ಮಂಥವರ ಅಪ್ಪ-ಅಮ್ಮನ ಹಾಸಿಗೆ ಪಕ್ಕಕ್ಕೆ ಬಂದು ನೋಡಬೇಕಾದವರು ನಾವೇ. ಅಮೆರಿಕದಲ್ಲಿರುವ ಕಸಿನ್ ಹೇಳ್ತಿದ್ದಳು, ಅಲ್ಲಿ ಸರ್ಕಾರವೇ 2008ರಿಂದ ನರ್ಸಿಂಗ್ ಹೋಮ್‌ಗಳಿಗೆ ಒಂದರಿಂದ ಐದು ಸ್ಟಾರ್ ಕೊಡುತ್ತೆ ಅಂತ. ತಪಾಸಣೆಯ ವರದಿ, ಸಿಬ್ಬಂದಿ ಎಷ್ಟಿದ್ದಾರೆ, ರೋಗಿಗಳ ಸ್ಥಿತಿ ಹೇಗಿದೆ ಎಲ್ಲ ಅದರಲ್ಲಿ ಸೇರುತ್ತೆ. ನಮಗೆ ಇರೋದು ಗೂಗಲ್ ಸ್ಟಾರ್. ಬರೆದವರು ಸೋಫಾ ಮೇಲೆ ಕೂತು ಬರೆದಿರ್ತಾರೆ, ನಾನೂ ಹಾಗೇ ಬರೆದಿದ್ದೆ.

ಹೊತ್ತು ಬದಲಾಯಿಸಿದೆ. ಅಪಾಯಿಂಟ್‌ಮೆಂಟ್ ತಗೊಂಡು ಒಮ್ಮೆ, ಹೇಳದೆ ಇನ್ನೊಮ್ಮೆ ಸಂಜೆ ಏಳೂವರೆಗೆ. ಆ ಹೊತ್ತಿಗೆ ಮ್ಯಾನೇಜರ್ ಮನೆಗೆ ಹೋಗಿರ್ತಾರೆ, ಹಗಲು ಶಿಫ್ಟು ಮುಗಿದು ರಾತ್ರಿ ಶಿಫ್ಟು ಶುರುವಾಗ್ತಿರುತ್ತೆ, ಊಟ ಬಡಿಸ್ತಿರ್ತಾರೆ. ಮೂರು ಕಡೆ ಗೇಟಿನಿಂದಲೇ ವಾಪಸ್ ಕಳಿಸಿದರು. ಸೋಂಕಿನ ಭಯ, ಹಿರಿಯರ ನಿದ್ದೆ, ಇಂಥ ಕಾರಣಗಳಿರಬಹುದು. ಆದರೂ ಆ ಮೂರನ್ನು ಪಟ್ಟಿಯಿಂದ ತೆಗೆದುಬಿಟ್ಟೆ.

ಒಳಗೆ ಬಿಟ್ಟ ಕಡೆ ಮೊದಲು ಕೆಲಸ ಮಾಡೋದು ಮೂಗು. ಈಗಷ್ಟೇ ಯಾರೋ ಹಾಸಿಗೆ ಒದ್ದೆ ಮಾಡಿದ್ದರೆ ಆ ವಾಸನೆ ಒಂದು ಮೂಲೆಯಲ್ಲಿರುತ್ತೆ. ಅದು ಎಲ್ಲ ಕಡೆ ಇದ್ದೇ ಇರೋದು. ಕಾರಿಡಾರ್ ತುಂಬ, ಗೋಡೆಗೆಲ್ಲ ಅಂಟಿದ ಹಾಗೆ ಹಬ್ಬಿದ್ದರೆ ಡೈಪರ್ ಹೊತ್ತಿಗೆ ಬದಲಾಗ್ತಿಲ್ಲ ಅಂತ. ರೂಮ್ ಫ್ರೆಶ್‌ನರ್ ಘಾಟು ಜಾಸ್ತಿ ಇದ್ದ ಕಡೆ ನನಗೆ ಇನ್ನೂ ಅನುಮಾನ. ಆಮೇಲೆ ಕಿವಿ. ಯಾರೋ "ಅಮ್ಮಾ... ಅಮ್ಮಾ..." ಅಂತ ಕೂಗ್ತಿದ್ರೆ ಎಷ್ಟು ಹೊತ್ತಿಗೆ ಒಬ್ಬರು ಹೋಗ್ತಾರೆ? ಒಂದು ಕಡೆ ನಾನು ಮಾತಾಡುತ್ತಾ ನಿಂತ ಇಪ್ಪತ್ತು ನಿಮಿಷವೂ ಆ ಕೂಗು ನಿಲ್ಲಲಿಲ್ಲ. "ಅವರು ಯಾವಾಗ್ಲೂ ಹಂಗೇ ಮೇಡಂ" ಅಂದರು.

ಊಟದ ಹೊತ್ತು ಕಲಿಸಿದಷ್ಟು ಇನ್ಯಾವುದೂ ಕಲಿಸಲಿಲ್ಲ. ಮೆನು ಹಾಳೆಯನ್ನು ಎಲ್ಲರೂ ತೋರಿಸ್ತಾರೆ. ನೋಡಬೇಕಾದ್ದು ವಾಪಸ್ ಹೋಗುವ ತಟ್ಟೆ. ಅದರಲ್ಲಿ ಎಷ್ಟು ಉಳಿದಿದೆ? ಕೈ ಆಡದವರಿಗೆ ಯಾರು ತಿನ್ನಿಸ್ತಿದ್ದಾರೆ, ಕೂತು ತಿನ್ನಿಸ್ತಿದ್ದಾರೋ ನಿಂತು ತುರುಕ್ತಿದ್ದಾರೋ? ಮಲಗಿಸಿಕೊಂಡೇ ಗಂಜಿ ಕುಡಿಸುವುದನ್ನು ಕಂಡರೆ ಅಲ್ಲಿಂದ ಹೊರಟುಬಿಡಿ. ಸ್ಟ್ರೋಕ್ ಆದವರಿಗೆ ನುಂಗೋದು ಕಷ್ಟ, ಗಂಜಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ತಲೆ ಎತ್ತರಿಸಿ ಕೂರಿಸಿ ತಿನ್ನಿಸಬೇಕು, ಆಮೇಲೂ ಅರ್ಧ ಗಂಟೆ ಹಾಗೇ ಕೂರಿಸಿರಬೇಕು. ಪ್ರತಿ ತಿಂಗಳು ತೂಕ ನೋಡ್ತೀರಾ ಅಂತ ಕೇಳಿದ್ದಕ್ಕೆ ಎಂಟರಲ್ಲಿ ಇಬ್ಬರು ಮಾತ್ರ ಪುಸ್ತಕ ತೆಗೆದು ತೋರಿಸಿದರು. ಒಂದೇ ತಿಂಗಳಲ್ಲಿ ಶೇ 5ರಷ್ಟು ತೂಕ ಇಳಿದರೆ ಅದು 'ವಯಸ್ಸಾಯ್ತಲ್ಲ' ಅನ್ನುವ ವಿಷಯ ಅಲ್ಲ, ಡಾಕ್ಟರ್ ನೋಡಬೇಕಾದ ವಿಷಯ.

ಇನ್ನು ಚರ್ಮ. ತಾನಾಗಿ ಹೊರಳಲಾಗದವರಿಗೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಅನ್ನೋದು ಆಸ್ಪತ್ರೆಗಳಲ್ಲಿ ರೂಢಿ. ರಾತ್ರಿಯೂ ಸೇರಿ. ಗಾಳಿ ತುಂಬುವ ಏರ್ ಬೆಡ್ ಹಾಕಿದ್ದೀವಲ್ಲ ಅಂತಾರೆ. ಅದು ಸಹಾಯ ಮಾಡುತ್ತೆ, ಆದರೆ ಹೊರಳಿಸೋ ಕೆಲಸ ಅದು ಮಾಡಲ್ಲ. ಹುಣ್ಣು ಏಳುವ ಜಾಗಗಳು ಹಿಮ್ಮಡಿ, ಸೊಂಟದ ಕೆಳಗೆ, ಪಕ್ಕದ ಮೂಳೆ, ಮೊಣಕೈ, ತಲೆಯ ಹಿಂಭಾಗ. ಮೊದಲು ಕೆಂಪಾಗುತ್ತೆ. ಬೆರಳಲ್ಲಿ ಒತ್ತಿ ಬಿಟ್ಟಾಗಲೂ ಆ ಕೆಂಪು ಬಿಳುಚಿಕೊಳ್ಳದಿದ್ದರೆ ಶುರುವಾಗಿದೆ ಅಂತರ್ಥ. ಮೈಬಣ್ಣ ಕಪ್ಪಾಗಿರುವವರಲ್ಲಿ ಕೆಂಪು ಕಾಣಲ್ಲ. ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಆಗಿದೆಯಾ ಅಂತ ಮುಟ್ಟಿಯೇ ನೋಡಬೇಕು. ಮಗ್ಗುಲು ಬದಲಾಯಿಸಿದ ಚಾರ್ಟ್ ಕೇಳಿ. ಬೆಳಗಿನಿಂದ ಬೆಳಗಿನವರೆಗೂ ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ ಒಟ್ಟಿಗೆ ಕೂತು ತುಂಬಿದ್ದಾರೆ ಅಂತ ತಿಳೀರಿ.

ಸಿಬ್ಬಂದಿ ಎಷ್ಟು ಅಂತ ಕೇಳಿದರೆ ಒಟ್ಟು ಲೆಕ್ಕ ಹೇಳ್ತಾರೆ. "ನಿನ್ನೆ ರಾತ್ರಿ ಎರಡು ಗಂಟೆಗೆ ಈ ಫ್ಲೋರಲ್ಲಿ ಯಾರ್ಯಾರಿದ್ರು?" ಅಂತ ಕೇಳಿ. ಹಾಗೇ ಆಯಾಗಳನ್ನು ಮಾತಾಡಿಸಿ. "ಅಕ್ಕಾ, ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?" ನಾಲ್ಕು ಜನರಲ್ಲಿ ನಾಲ್ವರೂ ಮೂರು ತಿಂಗಳ ಒಳಗೆ ಬಂದವರಾಗಿದ್ದರೆ ಅಲ್ಲಿ ಯಾರೂ ನಿಲ್ತಿಲ್ಲ. ನಮ್ಮ ಕಾಲುಚೀಲದ ಆಯಾ ಮೇಲೆ ನನಗೆ ಆಗ ಕೆಂಡದಂಥ ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯ್ತು, ಹದಿನಾಲ್ಕು ಹಾಸಿಗೆಗೆ ರಾತ್ರಿ ಅವಳೊಬ್ಬಳೇ. ಎರಡು ಗಂಟೆಗೊಮ್ಮೆ ಹದಿನಾಲ್ಕು ಜನರನ್ನು ಒಬ್ಬಳು ಹೇಗೆ ಹೊರಳಿಸ್ತಾಳೆ? ಕಾಲುಚೀಲ ಹಾಕಿ ಅಂದವರು ಬೇರೆ ಯಾರೋ.

ಭಾಷೆ ವಿಷಯ ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬರುವ ಎಷ್ಟೋ ಹುಡುಗ ಹುಡುಗಿಯರು ಅಸ್ಸಾಂ, ಒಡಿಶಾ, ಜಾರ್ಖಂಡ್ ಕಡೆಯವರು. ಒಳ್ಳೇ ಮಕ್ಕಳು. ಆದರೆ ಮದ್ದೂರಿನ ಅಪ್ಪ, ಅದೂ ಅರ್ಧ ಮಾತು ಕಳಕೊಂಡವರು, "ನೀರು" ಅಂತ ತೊದಲಿದರೆ ಆ ಹುಡುಗನಿಗೆ ಏನು ಗೊತ್ತಾಗಬೇಕು? ಈಗಿನ ಜಾಗದಲ್ಲಿ ಹಾಸಿಗೆ ಪಕ್ಕ ಒಂದು ಹಾಳೆ ಅಂಟಿಸಿದ್ದೇವೆ: ನೀರು, ನೋವು, ಒಂದಕ್ಕೆ, ಸೆಕೆ, ಮಗ್ಗುಲು, ಸಾಕು. ಇಪ್ಪತ್ತು ಪದ, ಪಕ್ಕದಲ್ಲಿ ಹಿಂದಿ ಅರ್ಥ. ಅಲ್ಲಿನ ಹುಡುಗ ಈಗ "ತಾತಾ, ಸಾಕಾ?" ಅಂತಾನೆ.

ಹಿರಿಯರು ಹಗಲೆಲ್ಲ ತೂಕಡಿಸ್ತಿದ್ದರೆ ಯಾವ ಮಾತ್ರೆ, ಯಾರು ಬರೆದದ್ದು ಅಂತ ಚೀಟಿ ಕೇಳಿ. ಗಲಾಟೆ ಮಾಡ್ತಾರೆ ಅಂತ ನಿದ್ದೆ ಮಾತ್ರೆ ಕೊಡುವವರೂ, ಟ್ಯೂಬ್ ಕಿತ್ಕೋತಾರೆ ಅಂತ ಬಟ್ಟೆಯಲ್ಲಿ ಕೈ ಕಟ್ಟುವವರೂ ಇದ್ದಾರೆ. ಮಣಿಕಟ್ಟು ನೋಡಿ. ದುಡ್ಡಿನ ವಿಷಯ ಬರವಣಿಗೆಯಲ್ಲಿ ಇರಲಿ: ಡೈಪರ್, ಫಿಸಿಯೋ, ಆಕ್ಸಿಜನ್ ಎಲ್ಲ ಬಿಲ್ಲಿನಲ್ಲಿ ಬೇರೆಯೇ ಬರುತ್ತೆ, ಡಿಪಾಸಿಟ್ ಯಾವಾಗ ವಾಪಸ್, ರಾತ್ರಿ ಉಸಿರುಗಟ್ಟಿದರೆ ಯಾವ ಆಸ್ಪತ್ರೆ. ಜಗಳ ಆದರೆ, ಅನುಮಾನ ಬಂದರೆ 14567ಕ್ಕೆ ಫೋನ್ ಮಾಡಬಹುದು. ಹಿರಿಯ ನಾಗರಿಕರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8.

ಅಪ್ಪನ ಸೊಂಟದ ಹುಣ್ಣು ಮಾಯೋಕೆ ಐದು ತಿಂಗಳು ಹಿಡೀತು. ಈಗಿರುವ ಮನೆ ಹಳೇದು, ಸೋಫಾ ಇಲ್ಲ, ಪ್ಲಾಸ್ಟಿಕ್ ಕುರ್ಚಿ. ಸಾರು ನೀರು ನೀರು. ಹೋದ ತಿಂಗಳು ಅಪ್ಪನ ಮೂಗಿನ ಮೇಲೆ ಯಾರದೋ ಕನ್ನಡಕ ಇತ್ತು. ಮೂರು ದಿನದಿಂದ ಅದನ್ನೇ ಹಾಕ್ಕೊಂಡು ಟಿವಿ ನೋಡಿದ್ದಾರೆ. ಕೂಗಾಡಿದೆ. ಮಾರನೇ ದಿನ ಎಲ್ಲರ ಕನ್ನಡಕ, ಹಲ್ಲಿನ ಸೆಟ್ಟಿನ ಡಬ್ಬಿ, ಟವೆಲ್ ಎಲ್ಲಕ್ಕೂ ಹೆಸರು ಬರೆದಿದ್ದರು.

ಬುಧವಾರ ಆಫೀಸು ಮುಗಿಸಿ ಹೋಗ್ತೀನಿ, ಭಾನುವಾರ ತಮ್ಮ ವಿಡಿಯೋ ಕಾಲ್ ಮಾಡ್ತಾನೆ, ನಡುವೆ ಯಾವತ್ತಾದರೂ ನನ್ನ ಗಂಡ. ಯಾವ ದಿನ ಅಂತ ಅವರಿಗೆ ಹೇಳಲ್ಲ. ನಾನು ರೂಮಿನ ಬಾಗಿಲಲ್ಲಿ ಕಂಡ ಕೂಡಲೇ ಅಪ್ಪ ಈಗ ತಾವೇ ಹೊದಿಕೆ ಸರಿಸಿ ಎಡಗಾಲನ್ನು ಎತ್ತಿ ತೋರಿಸ್ತಾರೆ. ಬಲಗಾಲು ಎತ್ತೋಕಾಗಲ್ಲ, ಅದನ್ನು ನಾನೇ ಎತ್ತಿ ನೋಡ್ತೀನಿ.