ತಣ್ಣಗಿನ ಎಂಜಿನ್ನಿಗೆ ಮೊದಲ ಹತ್ತು ನಿಮಿಷ

ಮಾರ್ಗಶಿರದ ಮುಂಜಾವು. ಬೀಳಗಿ ತಾಲ್ಲೂಕಿನ ಬಾಡಗಂಡಿಯಲ್ಲಿ ಇನ್ನೂ ಸೂರ್ಯನು ಮೂಡಿಲ್ಲ. ಕಬ್ಬು ನುರಿಸುವ ಹಂಗಾಮು. ಹೇರು ಹೊತ್ತ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯ ಕಡೆಗೆ ಮಂದಗತಿಯಿಂದ ಸಾಗುತ್ತಿವೆ. ಮನೆಯೊಂದರ ಮುಂದೆ ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆನೆದು ನಿಂತ ಕಾರು. ಹುಬ್ಬಳ್ಳಿಯಲ್ಲಿ ನೆಂಟರ ಮದುವೆ. ಮುಹೂರ್ತಕ್ಕೆ ಮುಂಚೆ ತಲುಪಬೇಕು. ಮಗರಾಯನು ಕೀಲಿಯನ್ನು ತಿರುವಿ, ಎಂಜಿನ್ನು ಎಚ್ಚರಗೊಂಡಿತೋ ಇಲ್ಲವೋ, ವೇಗದ ಪೆಡಲನ್ನು ತಳಮುಟ್ಟ ಒತ್ತುತ್ತಾನೆ. ಓಣಿಯೆಲ್ಲ ಮೊಳಗುವಂತೆ ಎಂಜಿನ್ನು ಅಬ್ಬರಿಸುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುತ್ತಾರೆ: “ತಮ್ಮಾ, ಮಲಗಿದ ಎತ್ತನ್ನ ಎಬ್ಬಿಸಿ ಆ ಕ್ಷಣಕ್ಕ ಓಡಸ್ತಾರೇನೋ?”

ಮೋಟಾರು ಯಂತ್ರವನ್ನು ಬಿಚ್ಚಿ ನೋಡದ ಆ ಹಿರಿಯರ ಮಾತು ಯಂತ್ರಶಾಸ್ತ್ರಕ್ಕೂ ಒಪ್ಪುವ ಮಾತೇ ಆಗಿದೆ. ಮನೆಯನ್ನು ಬಿಟ್ಟರೆ ಮಧ್ಯಮ ವರ್ಗದ ಕುಟುಂಬವು ಕೊಳ್ಳುವ ಬಲು ಬೆಲೆಯ ವಸ್ತುವೆಂದರೆ ಸಾಮಾನ್ಯವಾಗಿ ಕಾರೇ. ಅದರ ಎಂಜಿನ್ನು ಬಹುಕಾಲ ಬಾಳುವುದೂ ಬೇಗನೆ ಸವೆಯುವುದೂ ಅನೇಕ ಸಲ ದಿನದ ಈ ಮೊದಲ ಹತ್ತು ನಿಮಿಷಗಳನ್ನೇ ಅವಲಂಬಿಸಿರುತ್ತದೆ.

ಕಾರಣವೇನು? ಮಹಾಲಿಂಗಪುರದ ಬೆಲ್ಲವನ್ನು ತಿಂದವರಿಗೆ, ಆಲೆಮನೆಯ ಕೊಪ್ಪರಿಗೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕುದಿಯುವ ಪಾಕವು ಸರಸರನೆ ಹರಿಯುತ್ತದೆ. ಆರಿದಂತೆ ಮಂದವಾಗಿ ಸೌಟಿಗೆ ಅಂಟಿಕೊಳ್ಳುತ್ತದೆ. ಎಂಜಿನ್ನಿನ ಎಣ್ಣೆ ಬೆಲ್ಲದಂತೆ ಗಟ್ಟಿಯಾಗುವುದಿಲ್ಲ, ಆದರೂ ಅದರ ಗುಣ ಇದೇ ಬಗೆಯದು. ಸಾಮಾನ್ಯವಾದ 15ಡಬ್ಲ್ಯೂ-40 ಎಣ್ಣೆಯನ್ನು ತೆಗೆದುಕೊಳ್ಳಿ. 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದಕ್ಕಿರುವ ಸ್ನಿಗ್ಧತೆ, ಎಂದರೆ ಹರಿಯಲೊಲ್ಲದ ಮಂದತೆ, 40 ಡಿಗ್ರಿಗೆ ಇಳಿದಾಗ ಸುಮಾರು ಏಳುಪಟ್ಟಾಗುತ್ತದೆ. ನಮ್ಮ ಚಳಿಗಾಲದ ಬೆಳಗಿನ 15 ಡಿಗ್ರಿಯಲ್ಲಿ ಅದು ಇನ್ನೂ ಹೆಚ್ಚು. ಇಂಥ ಎಣ್ಣೆಯು ತಳದ ತೊಟ್ಟಿಯಿಂದ ಮೇಲೇರಿ ಎಲ್ಲ ಸಂದುಗಳನ್ನೂ ತಲುಪಲು ಸ್ವಲ್ಪ ವ್ಯವಧಾನ ಬೇಕು. ಅಷ್ಟರೊಳಗೆ ಯಂತ್ರವನ್ನು ಅಬ್ಬರಿಸಿದರೆ ಲೋಹವು ಲೋಹವನ್ನು ಉಜ್ಜುವ ಸಂಭವವುಂಟು.

ಎರಡನೆಯ ಕಾರಣ ಲೋಹದ ಸ್ವಭಾವ. ಪಿಸ್ಟನ್ನುಗಳು ಅಲ್ಯೂಮಿನಿಯಮಿನವು. ಶಾಖ ತಗಲಿದಾಗ ಅಲ್ಯೂಮಿನಿಯಮು ಬೀಡುಕಬ್ಬಿಣದ ಇಮ್ಮಡಿಯಷ್ಟು ಹಿಗ್ಗುತ್ತದೆ. ಬಿಸಿಯಾದಾಗ ಸರಿಯಾಗಿ ಹೊಂದಬೇಕೆಂದು ಮಾಡಿದ ಭಾಗಗಳು ತಣ್ಣಗಿರುವಾಗ ತಕ್ಕಮಟ್ಟಿಗೆ ಸಡಿಲವಾಗಿಯೇ ಇರುತ್ತವೆ.

ಮೂರನೆಯದು ತೇವ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ನು ಬಿಸಿಯಾಗಿದ್ದರೆ ಆ ಆವಿ ಹೊಗೆಗೊಳವೆಯಿಂದ ಹೊರಟುಹೋಗುತ್ತದೆ. ತಣ್ಣಗಿದ್ದರೆ ಒಳಗೋಡೆಗಳ ಮೇಲೆ ಹನಿಗಟ್ಟುತ್ತದೆ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲನ್ನೂ ಹೆಚ್ಚಾಗಿ ಉಣಿಸಬೇಕಾಗುವುದರಿಂದ, ಉರಿಯದೆ ಉಳಿದ ಅಂಶವು ಗೋಡೆಗಳ ಎಣ್ಣೆಯನ್ನು ತೊಳೆದುಬಿಡುತ್ತದೆ. ಸಿಲಿಂಡರು ತಣ್ಣಗಿರುವಾಗ ಸವೆತವು ಬಹಳ ಹೆಚ್ಚೆಂದೂ, ಆಮ್ಲಯುಕ್ತ ತೇವವೇ ಅದಕ್ಕೆ ಮುಖ್ಯ ಕಾರಣವೆಂದೂ 1930ರ ದಶಕದಲ್ಲಿಯೇ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳು ತೋರಿಸಿದ್ದವು. ಇಂದಿನ ಎಣ್ಣೆಗಳು ಉತ್ತಮವಾಗಿವೆ. 2020ರಿಂದ ನಮ್ಮ ದೇಶದ ಇಂಧನದಲ್ಲಿ ಗಂಧಕದ ಅಂಶವೂ ಅತ್ಯಲ್ಪ. ಆದ್ದರಿಂದ ಅಪಾಯವು ತಗ್ಗಿದೆ, ಇಲ್ಲದಾಗಿಲ್ಲ.

ಹಾಗಾದರೆ ಕಾರನ್ನು ನಿಲ್ಲಿಸಿದಲ್ಲಿಯೇ ಹತ್ತು ನಿಮಿಷ ಚಾಲೂ ಇಟ್ಟು ಕಾಯಿಸಿದರಾಯಿತಲ್ಲವೆ? ಇದು ಹಳೆಯ ಕಾಲದ ರೂಢಿ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರಿನ ಹಳೆಯ ಮಾದರಿಗಳನ್ನು ನಡೆಸಿದವರಿಗೆ ಚೋಕಿನ ಗುಂಡಿಯನ್ನು ಎಳೆದು ತಾಳ್ಮೆಯಿಂದ ಕಾಯುತ್ತಿದ್ದುದು ನೆನಪಿರಬಹುದು. ಇಂದಿನ ಕಾರುಗಳಲ್ಲಿ ಇಂಧನದ ಅಳತೆಯನ್ನು ಯಂತ್ರವೇ ನೋಡಿಕೊಳ್ಳುತ್ತದೆ. ನಿಂತಲ್ಲಿಯೇ ತಿರುಗುವ ಎಂಜಿನ್ನು ಅಲ್ಪ ಇಂಧನವನ್ನು ಉರಿಸುತ್ತದೆ, ಅಲ್ಪ ಶಾಖವನ್ನೇ ಹುಟ್ಟಿಸುತ್ತದೆ; ಆದಕಾರಣ ತಣ್ಣಗಿನ ಸ್ಥಿತಿಯು ಇನ್ನಷ್ಟು ದೀರ್ಘವಾಗುತ್ತದೆ. ಮೇಲಾಗಿ, ಬಾಗಿಲು ಮುಚ್ಚಿದ ಕಾರುಶೆಡ್ಡಿನಲ್ಲಿ ಎಂಜಿನ್ನನ್ನು ಚಾಲೂ ಇಡುವುದು ಪ್ರಾಣಾಂತಿಕವಾದೀತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಗೆ ಹೊಂದಿಕೊಂಡ ಶೆಡ್ಡಾದರೆ ಒಳಗೆ ಮಲಗಿದ ಮಕ್ಕಳಿಗೂ ಗಂಡಾಂತರ.

ಅಬ್ಬರವೂ ಬೇಡ, ಸುಮ್ಮನೆ ಕಾಯುವುದೂ ಬೇಡ. ಮೃದುವಾಗಿ ನಡೆಸುವುದೇ ಸರಿಯಾದ ದಾರಿ. ಎಂಜಿನ್ನು ಚಾಲೂ ಆದ ಮೇಲೆ ಎಣ್ಣೆಯ ಸೂಚಕ ದೀಪವು ಆರಿತೆಂದು ನೋಡಿ. ಸೀಟಿನ ಪಟ್ಟಿ ಕಟ್ಟಿಕೊಳ್ಳುವಷ್ಟು ಹೊತ್ತು, ಅರ್ಧ ನಿಮಿಷದೊಳಗೆ, ಹೊರಡಿ. ಪೆಡಲಿನ ಮೇಲೆ ಕಾಲು ಹಗುರವಾಗಿರಲಿ. ಪೆಟ್ರೋಲು ಕಾರಾದರೆ ನಿಮಿಷಕ್ಕೆ 2,500 ಸುತ್ತುಗಳನ್ನು ಮೀರದಂತೆ ಗೇರು ಬದಲಿಸಿ; ಆದರೆ ಮೇಲಿನ ಗೇರಿನಲ್ಲಿ ಎಂಜಿನ್ನು ಏದುಸಿರು ಬಿಡುವಂತೆಯೂ ಮಾಡಬೇಡಿ. ಉಷ್ಣತೆಯ ಮುಳ್ಳು ನಡುವಿಗೆ ಬಂದೊಡನೆ ಎಲ್ಲವೂ ಬಿಸಿಯಾಯಿತೆಂದು ಭಾವಿಸಬಾರದು. ಮುಳ್ಳು ತೋರಿಸುವುದು ನೀರಿನ ಶಾಖವನ್ನು. ಎಣ್ಣೆಯು ಅದಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ. ಮತ್ತೆ ಕೆಲವು ಕಿಲೋಮೀಟರು ಸಮಾಧಾನವಿರಲಿ.

ಹಾಲು ತರಲು ಒಮ್ಮೆ, ಮಗುವನ್ನು ಶಾಲೆಗೆ ಬಿಡಲು ಒಮ್ಮೆ, ಕಾಯಿಪಲ್ಲೆಗೆ ಮತ್ತೊಮ್ಮೆ ಎಂದು ದಿನವೂ ಒಂದೊಂದೇ ಕಿಲೋಮೀಟರು ಓಡುವ ಕಾರಿನ ಎಂಜಿನ್ನು ಒಮ್ಮೆಯೂ ಚೆನ್ನಾಗಿ ಬಿಸಿಯಾಗುವುದಿಲ್ಲ. ಅಂಥ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಲೇಸು. ಸಾಧ್ಯವಿಲ್ಲದಿದ್ದರೆ ಎಣ್ಣೆಯನ್ನು ಅವಧಿಗಿಂತ ಮುಂಚೆಯೇ ಬದಲಿಸಬೇಕು.

ಆದರೂ ಒಂದು ಮಾತು. ನಡುರಾತ್ರಿಯಲ್ಲಿ ಮನೆಯಲ್ಲಿ ಯಾರಿಗೋ ಎದೆನೋವು ಕಾಣಿಸಿದರೆ ಎಣ್ಣೆಯ ಚಿಂತೆಯನ್ನು ಬದಿಗಿಟ್ಟು ಹೊರಡತಕ್ಕದ್ದು. ಎಂಜಿನ್ನಿರುವುದು ಮನುಷ್ಯರಿಗಾಗಿ. ದಿನನಿತ್ಯ ಅಕ್ಕರೆಯಿಂದ ನಡೆಸಿಕೊಂಡ ಎಂಜಿನ್ನು ಆ ಒಂದು ರಾತ್ರಿಯ ಅವಸರವನ್ನು ತಾಳಿಕೊಳ್ಳುತ್ತದೆ.

ಇನ್ನು ಹುಬ್ಬಳ್ಳಿಯ ಮದುವೆ. ಓಣಿಯಿಂದ ಹೆದ್ದಾರಿಗೆ ಬಂದೊಡನೆ ಕಾರನ್ನು ಹಾರಿಸದೆ, ಮೊದಲ ಹತ್ತು ನಿಮಿಷ ಸಾವಧಾನವಾಗಿ ನಡೆಸಿದರೆ ಹೆಚ್ಚೆಂದರೆ ಮೂರು ನಿಮಿಷ ತಡವಾದೀತು. ಅಷ್ಟು ಹೊತ್ತು ಮೊದಲೇ ಎದ್ದರೆ ಮುಹೂರ್ತವೂ ತಪ್ಪದು, ಹಿರಿಯರ ಮಾತೂ ನಡೆದಂತಾಯಿತು.