ನಿಮಗಿದು ಗೊತ್ತೆ? ಗುಂತಕಲ್ಲಿನಲ್ಲಿ ಕೂಡಿ, ಮಂಗಳೂರಿನಲ್ಲಿ ಅಗಲಿ

ಹುಬ್ಬಳ್ಳಿ, ಧಾರವಾಡದ ಮೇಲೆ ಗೋವಾಕ್ಕೆ ಹೋಗುತ್ತಿದ್ದ ವಾರಕ್ಕೊಮ್ಮೆಯ ಒಂದು ರೈಲು ಅಸಲಿಗೆ ಎರಡು ತುಂಡುಗಳ ಜೋಡಣೆಯಾಗಿತ್ತು. ಸಿಕಂದರಾಬಾದಿನಿಂದ 10 ಬೋಗಿ, ತಿರುಪತಿಯಿಂದ 10 ಬೋಗಿ ಗುಂತಕಲ್ಲಿನಲ್ಲಿ ಕೂಡಿಕೊಂಡು ಮುಂದೆ ಒಂದೇ ಆಗಿ ಓಡುತ್ತಿದ್ದವು. 2024ರ ಅಕ್ಟೋಬರ್‌ನಲ್ಲಿ ಸಿಕಂದರಾಬಾದ್–ವಾಸ್ಕೋ ನಡುವೆ ಪ್ರತ್ಯೇಕ ರೈಲು ಶುರುವಾಯಿತು.

ಕರಾವಳಿಯಲ್ಲಿ ಇದರ ಉಲ್ಟಾ. ಬೆಂಗಳೂರಿನಿಂದ ಒಂದಾಗಿ ಹೊರಟ ರೈಲು ಮಂಗಳೂರಿನಲ್ಲಿ ಇಬ್ಭಾಗವಾಗಿ, ಒಂದು ಪಾಲು ಕಾಸರಗೋಡಿನ ಮೇಲೆ ಕಣ್ಣೂರಿಗೆ, ಇನ್ನೊಂದು ಉಡುಪಿಯ ಮೇಲೆ ಕಾರವಾರಕ್ಕೆ ಹೋಗುತ್ತಿತ್ತು. ತಪ್ಪು ಬೋಗಿ ಹತ್ತಿ ಮಲಗಿದವನ ಬೆಳಗು ಹೇಗಿದ್ದೀತು, ಊಹಿಸಿ!

ಹೀಗೆ ಕೂಡಿಸಿ ಓಡಿಸಿದರೆ ಲಾಭವೇನು? ಬೆಂಗಳೂರು–ಮಂಗಳೂರು ದಾರಿಯ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಇರುವುದು ಒಂಟಿ ಹಳಿ, ಏರು 50ಕ್ಕೆ 1. ಅಲ್ಲಿ ಎರಡು ರೈಲುಗಳಿಗೆ ದಾರಿ ಬಿಡುವ ಬದಲು ಒಂದಕ್ಕೆ ಬಿಟ್ಟರೆ ಸಾಕು. ನಷ್ಟವೂ ಉಂಟು: ಕೂಡುವಾಗ ಒಂದು ತಡವಾದರೆ ಇನ್ನೊಂದೂ ಕಾಯಬೇಕು. ಎಂಜಿನ್ ಎಳೆಯುವ ರೈಲಾದರೆ ಶಂಟಿಂಗ್, ಬ್ರೇಕ್ ಪರೀಕ್ಷೆ ಎಂದು ಹೊತ್ತು ಹೋಗುತ್ತದೆ. ಎರಡೂ ತುದಿಯಲ್ಲಿ ಚಾಲಕನ ಕೋಣೆ, ತಾನಾಗಿ ಕಚ್ಚಿಕೊಳ್ಳುವ ಕೊಂಡಿ ಇರುವ ವಿದ್ಯುತ್ ರೈಲುಗಳಿಗೆ ಇದು ಕೆಲವೇ ನಿಮಿಷದ ಕೆಲಸ. ಜಪಾನ್, ಬ್ರಿಟನ್‌ಗಳಲ್ಲಿ ಇದು ನಿತ್ಯದ ಮಾತು.

ಬ್ರಿಟನ್‌ನಲ್ಲಂತೂ ರೈಲು ನಿಲ್ಲಿಸದೆಯೇ ಕೊನೆಯ ಬೋಗಿಯನ್ನು ಕಳಚಿಬಿಡುತ್ತಿದ್ದರು. ಅದರಲ್ಲಿದ್ದ ಗಾರ್ಡ್ ಬ್ರೇಕ್ ಒತ್ತಿ ನಿಲ್ದಾಣದಲ್ಲಿ ನಿಲ್ಲಿಸುತ್ತಿದ್ದ. ಈ ಸಾಹಸ 1960ರವರೆಗೂ ನಡೆಯಿತು.